ನಕ್ಷೆ ವಾಪಸ್ ಬಂತೇ? ಪಾಯಾ ತೆಗೆಯುವ ಮುನ್ನ ಕಾರಣ ಕೇಳಿ!

ಬೈಲಹೊಂಗಲ: ಹಿಂದೆ ಮನೆ ಕಟ್ಟುವವನು ನಕ್ಷೆಯ ಸುರುಳಿ ಬಗಲಲ್ಲಿಟ್ಟು ಪುರಸಭೆಯ ಮೆಟ್ಟಿಲು ಹತ್ತುತ್ತಿದ್ದ. ತಪ್ಪಿದ್ದರೆ ಅಲ್ಲೇ ಗೆರೆ ಎಳೆದು ತೋರಿಸುತ್ತಿದ್ದರು. ಈಗ ಇಂಜಿನಿಯರು ಕ್ಯಾಡ್‌ನಲ್ಲಿ ಬರೆದ ನಕ್ಷೆ ಆನ್‌ಲೈನ್‌ನಲ್ಲಿ ಹೋಗುತ್ತದೆ. ಅದನ್ನು ಮೊದಲು ಅಳೆಯುವುದು ಗಣಕಯಂತ್ರ. ಹೊಂದದಿದ್ದರೆ ವಾಪಸ್!

ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು - ಊರು ಯಾವುದೇ ಇರಲಿ, ಮಾಲೀಕನ ಪ್ರಶ್ನೆ ಒಂದೇ: "ಯಾಕ್ ವಾಪಸ್ ಬಂತ್ರೀ?" ಸಾಫ್ಟ್‌ವೇರ್ ಒಪ್ಪಲಿಲ್ಲ ಎಂಬುದು ಉತ್ತರವಲ್ಲ. ಪರಿಶೀಲನಾ ವರದಿಯಲ್ಲಿ ಕಾರಣ ಇರುತ್ತದೆ. ಅದರ ಪ್ರತಿಯನ್ನು ಇಂಜಿನಿಯರರಿಂದ ಕೇಳಿ ಪಡೆಯಬೇಕು.

ಕಾರಣಗಳು ಎರಡು ಬಗೆ. ಒಂದು, ಬರೆದ ರೀತಿಯ ತಪ್ಪು. ಗಡಿ, ಗೋಡೆ, ಮೆಟ್ಟಿಲುಗಳನ್ನು ನಿಗದಿಯಾದ ಲೇಯರ್‌ಗಳಲ್ಲೇ ಬರೆಯಬೇಕು. ಗೆರೆಯ ತುದಿಗಳು ಕೂಡದಿದ್ದರೆ ಯಂತ್ರಕ್ಕೆ ಅದು ಕೋಣೆಯೇ ಅಲ್ಲ. 30x40 ಅಡಿಯ ಜಾಗ ಮೀಟರಿನಲ್ಲಿ 9.14x12.19. ಇಲ್ಲಿ ಎಡವಿದರೂ ನಕ್ಷೆ ತಿರುಗಿ ಬರುತ್ತದೆ. ಇದೆಲ್ಲ ಇಂಜಿನಿಯರು ಕುಳಿತಲ್ಲೇ ತಿದ್ದುವ ಕೆಲಸ.

ಇನ್ನೊಂದು, ನಿಯಮದ ತಪ್ಪು. ಸುತ್ತ ಬಿಡಬೇಕಾದ ಜಾಗ ಸಾಲದು, ಉತಾರದ ಅಳತೆಗೂ ಸ್ಥಳದ ಅಳತೆಗೂ ತಾಳೆ ಇಲ್ಲ. ಹಳೇ ಪೇಟೆಯ ಓಣಿಗಳಲ್ಲಿ ತೊಡಕು ಇಲ್ಲಿಯೇ. ಎರಡು ಮನೆಗೆ ಒಂದೇ ಗೋಡೆ. ಅಜ್ಜನ ಕಾಲದ ಪಡಸಾಲೆ ಕೆಡವಿ ಕಟ್ಟುವವನು ಜಾಗ ಎಲ್ಲಿಂದ ಬಿಟ್ಟಾನು? ಇಂಥಲ್ಲಿ ಗೆರೆ ತಿದ್ದಿ ಫಲವಿಲ್ಲ. ಸ್ಥಳ ಅಳೆಸಿ, ದಾಖಲೆ ಸರಿಪಡಿಸಿ, ಮುಖ್ಯಾಧಿಕಾರಿಗಳಿಗೆ ಲಿಖಿತ ಅರ್ಜಿ ಕೊಡಬೇಕು.

ಅರ್ಜಿ ತಿರಸ್ಕರಿಸಿದರೆ ಲಿಖಿತ ಕಾರಣ ಕೊಡಲೇಬೇಕೆಂಬುದು 2011ರ ಸಕಾಲ ಕಾಯ್ದೆಯ ಮಾತು. ಅದು ಸರಿಯಲ್ಲವೆನಿಸಿದರೆ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ.

"ಮೊದ್ಲ ಕಟ್ಟೂನು, ಆಮ್ಯಾಲೆ ನೋಡೂನು" ಎಂಬ ಗೌಂಡಿಯ ಧೈರ್ಯ ಈಗ ನಡೆಯದು. ವಾಸಯೋಗ್ಯ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 17ರಂದು ಆದೇಶಿಸಿತು. ಮುಂದೆ ರಾಜ್ಯ ಸರಕಾರ ಚಿಕ್ಕ ನಿವೇಶನದ ಮನೆಗಳಿಗೆ ಸಡಿಲಿಕೆ ತಂದಿತು. ಆದರೆ ಕಟ್ಟುವ ಮುನ್ನ ಪರವಾನಿಗೆ ಬೇಕೆಂಬ ಮಾತು ಹಾಗೆಯೇ ಇದೆ. ಪರವಾನಿಗೆ ಇಲ್ಲದ ಮನೆಗೆ ಬ್ಯಾಂಕಿನ ಸಾಲವೂ ಕಷ್ಟ.

ಯಂತ್ರ ಅಳೆಯಲಿ, ಬೇಡವೆನ್ನುವವರಿಲ್ಲ. ಆದರೆ ಸಾಲ ಮಾಡಿ ಸೂರು ಕಟ್ಟುವ ಬಡವನಿಗೆ ಲೇಯರ್ ಏನು, ಮೀಟರ್ ಏನು? ನಕ್ಷೆ ಯಾಕೆ ವಾಪಸಾಯಿತೆಂಬುದನ್ನು ತಿಳಿಗನ್ನಡದಲ್ಲಿ ಬರೆದು ಅವನ ಕೈಗೇ ಕೊಟ್ಟರೆ ಅರ್ಧ ಅಲೆದಾಟ ತಪ್ಪೀತು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?