ಕಟ್ಟು ಒಡೆದರೆ ಕಥೆ ಕೆಟ್ಟಿತು

ಹಳೆಯ ಕಾಗದಗಳ ರಾಶಿ ಎದುರಿಗಿದ್ದರೆ ವಿಷಯವಾರು ವಿಂಗಡಿಸೋಣವೆಂದು ಯಾರಿಗಾದರೂ ತೋಚುತ್ತದೆ. ಜಮೀನಿನವು ಒಂದು ಕಡೆ, ಕೋರ್ಟಿನವು ಒಂದು ಕಡೆ, ಖಾಸಗಿ ಪತ್ರಗಳು ಮತ್ತೊಂದು ಕಡೆ. ಪುಸ್ತಕಗಳಿಗೆ ಈ ಕ್ರಮ ಸರಿ. ದಾಖಲೆಗಳಿಗೆ ಇದರಷ್ಟು ಕೇಡು ಇನ್ನೊಂದಿಲ್ಲ. ಫ್ರಾನ್ಸ್ ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆ, ಅದೂ ಅರ್ಧ ಶತಮಾನ ಕಳೆದು.

1789ರ ಕ್ರಾಂತಿಯ ನಂತರ ಅರಮನೆ, ಮಠ, ನ್ಯಾಯಾಲಯ, ದೇಶ ಬಿಟ್ಟು ಓಡಿದ ಶ್ರೀಮಂತರ ಮನೆ, ಎಲ್ಲೆಡೆಯ ಕಾಗದಪತ್ರಗಳೂ ಅಲ್ಲಿನ ಸರ್ಕಾರದ ಕೈಸೇರಿದವು. 1790ರಲ್ಲಿ ರಾಷ್ಟ್ರೀಯ ಪತ್ರಾಗಾರ ರೂಪುಗೊಂಡಿತು. ದಾಖಲೆ ನೋಡುವ ಹಕ್ಕು ಪ್ರತಿ ಪ್ರಜೆಗೂ ಉಂಟೆಂದು 1794ರ ಜೂನ್ 25ರ ಕಾನೂನು ಸಾರಿತು. ಅದೇ ಕಾನೂನು ಊಳಿಗಮಾನ್ಯ ಹಕ್ಕುಪತ್ರಗಳನ್ನು ನಾಶಮಾಡಲು ಅಪ್ಪಣೆಯನ್ನೂ ಕೊಟ್ಟಿತು. ಎಷ್ಟೋ ಚರ್ಮಪತ್ರಗಳು ಫಿರಂಗಿಯ ಮದ್ದು ಕಟ್ಟುವ ಚೀಲಗಳಾದವು. ಉಳಿದವುಗಳಲ್ಲಿ ಬಹಳಷ್ಟನ್ನು ಪತ್ರಾಗಾರದ ಮುಖ್ಯಸ್ಥ ಕಾಮ್ಯು, ಅವನ ನಂತರ ಬಂದ ದೋನೂ, ವಿಷಯದ ಶೀರ್ಷಿಕೆಗಳಡಿ ಹಂಚಿಹಾಕಿದರು. ಇಬ್ಬರೂ ದೊಡ್ಡ ವಿದ್ವಾಂಸರು. ಅವರ ಶ್ರದ್ಧೆಯಿಂದಲೇ ಈ ಹಾನಿಯಾಯಿತೆಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ.

ಹಾನಿ ಏನೆಂದು ನಮ್ಮ ಸೀಮೆಯ ಉದಾಹರಣೆಯಲ್ಲಿ ನೋಡೋಣ. ಒಂದೂರಿನ ಕೆರೆ ಏರಿ ಒಡೆಯಿತೆಂದುಕೊಳ್ಳಿ. ಶಾನುಭೋಗರು ಅರ್ಜಿ ಬರೆಯುತ್ತಾರೆ. ಅಮಲ್ದಾರರು ಸ್ಥಳ ನೋಡಿ ಷರಾ ಹಾಕುತ್ತಾರೆ. ಎಂಜಿನಿಯರ್ ಅಂದಾಜುಪಟ್ಟಿ ಕೊಡುತ್ತಾರೆ. ಹಣ ಸಾಲದೆಂದು ಮೇಲಿನ ಕಚೇರಿ ತಿರುಗಿ ಕಳಿಸುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಮಂಜೂರಾತಿ ಬರುತ್ತದೆ. ಒಂದೇ ದಾರದಲ್ಲಿ ಪೋಣಿಸಿದ್ದಾಗ ಇವು ಒಂದು ಊರಿನ ಕಷ್ಟವನ್ನೂ ಆಡಳಿತದ ವಿಳಂಬವನ್ನೂ ಹೇಳುತ್ತವೆ. ಅಂದಾಜುಪಟ್ಟಿಯನ್ನು ‘ನೀರಾವರಿ’ಗೂ ಮಂಜೂರಾತಿಯನ್ನು ‘ಹಣಕಾಸಿ’ಗೂ ಸೇರಿಸಿದರೆ ಒಂದು ಹಾಳೆಯೂ ಕಳೆಯುವುದಿಲ್ಲ. ಆದರೆ ಯಾರು ಯಾರನ್ನು ಕೇಳಿದರು, ಯಾರು ತಡಮಾಡಿದರು ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ.

ಪರಿಹಾರ ಬಂದದ್ದು ಒಂದು ಸುತ್ತೋಲೆಯ ರೂಪದಲ್ಲಿ. 1841ರ ಏಪ್ರಿಲ್ 24ರಂದು ಫ್ರಾನ್ಸಿನ ಒಳಾಡಳಿತ ಸಚಿವಾಲಯ ಜಿಲ್ಲಾ ಪತ್ರಾಗಾರಗಳಿಗೆಲ್ಲ ಅದನ್ನು ಕಳಿಸಿತು. ಹಿಂದಿದ್ದ ತಲೆ ನತಾಲಿಸ್ ದ ವೈ ಎಂಬ ಅಧಿಕಾರಿಯದು. ಒಂದು ಸಂಸ್ಥೆ, ಒಂದು ಮನೆತನ ಅಥವಾ ಒಬ್ಬ ವ್ಯಕ್ತಿಯಿಂದ ಬಂದ ಕಾಗದಗಳೆಲ್ಲ ಒಟ್ಟಿಗೇ ಇರಬೇಕು, ಬೇರೆಯವರ ಕಾಗದದೊಂದಿಗೆ ಬೆರೆಯಕೂಡದು ಎಂಬುದೇ ಅದರ ತಿರುಳು. ಇಂದಿಗೂ ಜಗತ್ತಿನ ಪತ್ರಾಗಾರಗಳು ನಡೆಯುತ್ತಿರುವುದು ಇದೇ ಸೂತ್ರದ ಮೇಲೆ.

ಕಟ್ಟಿನ ಒಳಗೆ ಮಾತ್ರ ವಿಷಯವಾರು ಜೋಡಣೆಗೆ ವೈ ಎಡೆ ಬಿಟ್ಟಿದ್ದ. 1881ರಲ್ಲಿ ಪ್ರಷ್ಯದ ಪತ್ರಾಗಾರ ಅದನ್ನೂ ಮುಚ್ಚಿ, ಕಚೇರಿ ಇಟ್ಟುಕೊಂಡಿದ್ದ ಮೂಲ ಕ್ರಮವನ್ನೇ ಉಳಿಸಬೇಕೆಂದು ವಿಧಿಸಿತು. 1898ರಲ್ಲಿ ಮುಲ್ಲರ್, ಫೈತ್, ಫ್ರೌನ್ ಎಂಬ ಮೂವರು ಡಚ್ಚರು ಇವನ್ನೆಲ್ಲ 100 ನಿಯಮಗಳ ಕೈಪಿಡಿಯಾಗಿ ಬರೆದರು. ದಾಖಲೆಗಳ ಸಮೂಹ ತಾನಾಗಿ ಬೆಳೆದು ಬಂದದ್ದು, ಅದನ್ನು ಮನಬಂದಂತೆ ಕತ್ತರಿಸಿ ಜೋಡಿಸಲಾಗದು ಎಂಬುದು ಅವರ ನಿಲುವು.

ಈ ಸೂತ್ರದ ಬೆಲೆ ತಿಳಿಯಲು ಶೃಂಗೇರಿಯತ್ತ ನೋಡಿದರೆ ಸಾಕು. 1791ರಲ್ಲಿ ಪರಶುರಾಮ ಭಾವೂನ ಮರಾಠಾ ಪಡೆಯವರು ಮಠವನ್ನು ಲೂಟಿ ಮಾಡಿದರು. ಆಗ ಟಿಪ್ಪು ಸುಲ್ತಾನ್ ಮಠಕ್ಕೆ ಕನ್ನಡದಲ್ಲಿ ಬರೆಸಿದ ಪತ್ರಗಳ ಕಟ್ಟನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಅವು ಸಿಕ್ಕಿದ್ದು ಅವು ತಲುಪಬೇಕಾಗಿದ್ದ ಜಾಗದಲ್ಲೇ. ಇದೇ ಪತ್ರಗಳು ಬಿಡಿಬಿಡಿಯಾಗಿ ಯಾವುದೋ ಅಂಗಡಿಯಲ್ಲಿ ಸಿಕ್ಕಿದ್ದರೆ ಅಸಲಿಯೋ ನಕಲಿಯೋ ಎಂಬ ವಾದ ಇನ್ನೂ ಎಷ್ಟು ಬೆಳೆಯುತ್ತಿತ್ತೋ. ಆ ಮಠದಲ್ಲಿ ಬಟ್ಟೆಯ ಕಡತಗಳೂ ಇವೆ: ಹುಣಸೆಬೀಜದ ಸರಿಗೆ ಇದ್ದಿಲಪುಡಿ ಬೆರೆಸಿ ಬಳಿದು, ಒಣಗಿಸಿ, ಬಳಪದಿಂದ ಬರೆದು ಮಡಿಸಿಟ್ಟವು. ಒರೆಸಿದರೆ ಅಳಿಯುವ ಅಕ್ಷರಗಳು ಇಷ್ಟು ಕಾಲ ಉಳಿದಿರುವುದೇ ಅವನ್ನು ಕಾದವರ ಶ್ರಮಕ್ಕೆ ಸಾಕ್ಷಿ.

ಭಾರತ ಸರ್ಕಾರದ ದಾಖಲೆ ಇಲಾಖೆ ಕಲ್ಕತ್ತೆಯಲ್ಲಿ ಹುಟ್ಟಿದ್ದು 1891ರ ಮಾರ್ಚ್ 11ರಂದು; ಇಂದಿನ ರಾಷ್ಟ್ರೀಯ ಪತ್ರಾಗಾರ ಅದೇ. ತೀರಾ ಶಿಥಿಲವಾಗಿ ಯಾವ ಉಪಯೋಗಕ್ಕೂ ಬಾರದವನ್ನು ಬಿಟ್ಟರೆ, 1892ಕ್ಕಿಂತ ಹಿಂದಿನ ಯಾವ ಸರ್ಕಾರಿ ದಾಖಲೆಯನ್ನೂ ನಾಶಪಡಿಸುವಂತಿಲ್ಲ ಎಂದು 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಹೇಳುತ್ತದೆ. ಮನೆಯ ಅಟ್ಟದ ಮೇಲಿನ ಪೆಟ್ಟಿಗೆಗೆ ಅಂಥ ರಕ್ಷಣೆಯಿಲ್ಲ. ಅದು ನಿಮ್ಮ ಕೈಯಲ್ಲಿದೆ.

ಹಾಗಾಗಿ ಅಜ್ಜನ ಕಾಲದ ಕಾಗದದ ಗಂಟು ಸಿಕ್ಕಿದರೆ ಒಮ್ಮೆಲೇ ಬಿಚ್ಚಿ ಹರಡಬೇಡಿ. ಹೇಗಿತ್ತೋ ಹಾಗೆಯೇ ಮೊದಲು ಫೋಟೊ ತೆಗೆಯಿರಿ. ಯಾರ ಪೆಟ್ಟಿಗೆಯಲ್ಲಿತ್ತು, ಯಾವುದರ ಜೊತೆಗಿತ್ತು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಪತ್ರಾಗಾರಕ್ಕೆ ಕೊಡುವುದಾದರೆ ಚೆಂದದ ನಾಲ್ಕನ್ನು ಆರಿಸದೆ ಇಡೀ ಗಂಟನ್ನೇ ಕೊಡಿ. ಅಂಚೆಚೀಟಿಯ ಆಸೆಗೆ ಲಕೋಟೆ ಕತ್ತರಿಸಬೇಡಿ, ಪತ್ರದಲ್ಲಿಲ್ಲದ ತಾರೀಖು ಎಷ್ಟೋ ಸಲ ಅದರ ಮೇಲಿನ ಮುದ್ರೆಯಲ್ಲಿರುತ್ತದೆ.