ಒಡ್ಡಿನ ಮಗ್ಗುಲಲ್ಲಿ ಉಳಿದವರು

ಸುಂದರಬನವೆಂದೊಡನೆ ಅನೇಕರ ಕಣ್ಣೆದುರು ನಿಲ್ಲುವುದು ಹುಲಿ. ಆ ಹುಲಿಯ ನೆರೆಯಲ್ಲಿ, ಪಶ್ಚಿಮ ಬಂಗಾಳದ ಭಾಗವೊಂದರಲ್ಲಿಯೇ, 40 ಲಕ್ಷಕ್ಕೂ ಮಿಕ್ಕ ಜನ ಸಂಸಾರ ಹೂಡಿಕೊಂಡಿರುವರೆಂಬುದು ಎಷ್ಟು ಮಂದಿಗೆ ತಿಳಿದೀತು? ಅಲ್ಲಿನ 102 ದ್ವೀಪಗಳಲ್ಲಿ ಜನವಸತಿಯುಳ್ಳವು 54. ಭರತದ ವೇಳೆಯಲ್ಲಿ ನದಿಯ ನೀರು ಗದ್ದೆಗಿಂತ ಎತ್ತರಕ್ಕೇರುತ್ತದೆ. ಅದನ್ನು ತಡೆದು ನಿಲ್ಲಿಸಿರುವುದು ಸುಮಾರು 3,500 ಕಿಲೋಮೀಟರು ಉದ್ದದ ಒಡ್ಡು. ಅದೂ ಬಹುಮಟ್ಟಿಗೆ ಬರಿಯ ಮಣ್ಣಿನದು.

2009ರ ಮೇ 25ರಂದು ‘ಐಲಾ’ ಚಂಡಮಾರುತದ ಹೊಡೆತಕ್ಕೆ ಆ ಒಡ್ಡು ಹಲವೆಡೆ ಬಿರಿಯಿತು. ನುಗ್ಗಿದ ನೀರು ಇಳಿದರೂ ಉಪ್ಪು ಇಳಿಯಲಿಲ್ಲ. ಬತ್ತ ಬೆಳೆಯದಾಯಿತು, ಕೊಳದ ಸಿಹಿನೀರಿನ ಮೀನು ಸತ್ತಿತು. ಗಂಡಸರು ಗಂಟುಕಟ್ಟಿ ಕೇರಳಕ್ಕೆ, ತಮಿಳುನಾಡಿಗೆ, ನಮ್ಮ ಬೆಂಗಳೂರಿಗೂ ಕೂಲಿಯನ್ನರಸಿ ಹೊರಟರು.

ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾಲಯದ ಸಾಗರವಿಜ್ಞಾನಿ ಸುಗತ ಹಾಜ್ರಾ ಅವರು ಈ ದ್ವೀಪಗಳು ಕರಗುತ್ತಿರುವ ಪರಿಯನ್ನು ಹಳೆಯ ನಕ್ಷೆ, ಉಪಗ್ರಹಚಿತ್ರಗಳ ನೆರವಿನಿಂದ ಅಳೆದವರು. ಲೋಹಾಚರ ದ್ವೀಪ ನೀರುಪಾಲಾಯಿತು. ಘೋರಾಮಾರಾ ಸವೆಯುತ್ತಲೇ ಇದೆ. ಅಲ್ಲಿಂದೆದ್ದ ಅನೇಕ ಕುಟುಂಬಗಳಿಗೆ ಸಾಗರದ್ವೀಪ ಆಸರೆಯಾಯಿತು. 2014ರಿಂದ 2018ರವರೆಗೆ ಭಾರತ, ಬಾಂಗ್ಲಾದೇಶ, ಘಾನಾಗಳ ನದೀಮುಖಜ ಭೂಮಿಗಳಲ್ಲಿ ನಡೆದ ಸಂಶೋಧನೆಯಲ್ಲಿಯೂ ಅವರ ತಂಡವಿತ್ತು. ಊರು ಬಿಟ್ಟುದೇಕೆಂದು ಮನೆಮನೆಗೂ ಹೋಗಿ ವಿಚಾರಿಸಿದಾಗ ಬಂದ ಉತ್ತರ ಸೋಜಿಗದ್ದು. ಬಹುಮಂದಿ ಹೇಳಿದ್ದು ದುಡಿಮೆಯ ಮಾತು. ಹವೆಯನ್ನೋ ಸಮುದ್ರವನ್ನೋ ದೂರಿದವರು ವಿರಳ. ಗದ್ದೆಯನ್ನು ಉಪ್ಪು ತಿಂದುದರಿಂದಲೇ ಕೂಲಿ ಬೇಕಾಯಿತೆಂಬ ನಂಟು ಪ್ರಶ್ನಾವಳಿಗೆ ಸುಲಭವಾಗಿ ಸಿಕ್ಕುವಂಥದಲ್ಲ.

ಹೋದವರಲ್ಲಿ ಗಂಡಸರೇ ಹೆಚ್ಚು. ಹಿಂದುಳಿದ ಹೆಂಗಸಿನ ಪಾಡೇನು? ಮಕ್ಕಳು, ಮುದುಕರು, ದನಕರು ಎಲ್ಲವೂ ಅವಳ ಕೊರಳಿಗೆ. ಊರಿನಿಂದ ಹಣ ಬರುವುದು ತಡವಾದರೆ ಸೀಗಡಿಮರಿಯೇ ಗತಿ. ಸೊಂಟಮಟ್ಟದ ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ನಿಂತು, ಮೊಸಳೆಗೆ ಅಂಜುತ್ತ, ನವುರಾದ ಬಲೆಯನ್ನೆಳೆಯಬೇಕು. ಚರ್ಮರೋಗ, ಸ್ತ್ರೀರೋಗಗಳು ಬೆನ್ನು ಹತ್ತುತ್ತವೆ. ಇಷ್ಟಾಗಿ, ನಿತ್ಯವೂ ದಡವನ್ನು ತುಳಿದು ಬಲೆಯೆಳೆದರೆ ಸವೆಯುವುದು ಅವಳ ಮನೆಯನ್ನೇ ಕಾಯುವ ಒಡ್ಡಿನ ಬುಡ!

ಆ ಬುಡವನ್ನು ಗಟ್ಟಿಮಾಡುವ ಕೆಲಸಕ್ಕೂ ಹೆಂಗಸರೇ ಇಳಿದಿದ್ದಾರೆ. ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಗಿಡದ ಸಸಿಗಳನ್ನು ಅವರ ಗುಂಪುಗಳು ಕೆಸರಿನಲ್ಲಿ ನೆಟ್ಟು ಬೆಳೆಸುತ್ತಿವೆ. ಉಪ್ಪನ್ನು ತಾಳಬಲ್ಲ ‘ನೋನಾ ಬೊಕ್ರಾ’ದಂತಹ ಹಳೆಯ ಬತ್ತದ ತಳಿಗಳೂ ಮತ್ತೆ ಬೆಲೆ ಪಡೆದಿವೆ. ಗದ್ದೆಯನ್ನು ಉತ್ತು ಬಿತ್ತುವವಳು ಆಕೆ; ಆದರೆ ಜಮೀನಿನ ಕಾಗದ ಸಾಮಾನ್ಯವಾಗಿ ಇರುವುದು ದೂರದೂರಿನಲ್ಲಿ ಗಾರೆ ಹೊರುತ್ತಿರುವ ಗಂಡನ ಹೆಸರಿನಲ್ಲಿ.