ಬೊಲೀಟ್ ಅಣಬೆಗಳು: ದೇಶಭೇದವೂ ಉಪಯೋಗವೂ

ಅಣಬೆಯ ಕೊಡೆಯನ್ನು ಮಗುಚಿ ನೋಡಿದರೆ ಸಾಮಾನ್ಯವಾಗಿ ಹಾಳೆಗಳಂತಹ ತೆಳುವಾದ ಪದರಗಳು ಕಾಣುವುವು. ಬೊಲೀಟ್ ಎಂಬ ವರ್ಗದ ಅಣಬೆಗಳಲ್ಲಿಯಾದರೋ ಪದರಗಳಿಗೆ ಬದಲಾಗಿ ಸೂಜಿಯಿಂದ ಚುಚ್ಚಿದಂತಹ ಅಸಂಖ್ಯಾತ ರಂಧ್ರಗಳಿರುವುವು. ಇವು ಬಹುಮಟ್ಟಿಗೆ ಕಾಡಿನವು. ಇವುಗಳ ನೂಲಿನಂತಹ ಎಳೆಗಳು ಮರದ ಬೇರುಗಳನ್ನು ಆವರಿಸಿ, ಮರಕ್ಕೆ ನೀರನ್ನೂ ಲವಣಗಳನ್ನೂ ಒದಗಿಸಿ, ಅದರಿಂದ ಸಕ್ಕರೆಯನ್ನು ಪಡೆಯುವುವು. ಯೂರೋಪಿನಲ್ಲಿ ಓಕ್, ಪೈನ್ ಮೊದಲಾದ ಮರಗಳೂ, ನಮ್ಮ ಪಶ್ಚಿಮ ಘಟ್ಟಗಳಲ್ಲಿ ಧೂಪದ ಮರವೇ ಮೊದಲಾದವುಗಳೂ ಇವುಗಳಿಗೆ ಆಶ್ರಯವು. ಆದುದರಿಂದ ಮರವನ್ನು ಕಡಿದಲ್ಲಿ ಅಣಬೆಯೂ ಇಲ್ಲವಾಗುವುದು.

ಇವುಗಳಲ್ಲಿ ಹೆಸರಾಂತ ಜಾತಿಯೊಂದನ್ನು ಇಟಲಿಯವರು ಪೊರ್ಚೀನಿ ಎಂದು ಕರೆದು, ಹೋಳುಮಾಡಿ ಒಣಗಿಸಿಟ್ಟು, ಅನ್ನದೊಡನೆ ಬೇಯಿಸಿ ಉಣ್ಣುವರು. ಒಣಗಿದರೂ ತಿರುಳು ಕಪ್ಪಾಗದಿರುವುದರಿಂದ ರಷ್ಯದವರಿಗೆ ಅದು ‘ಬಿಳಿಯ ಅಣಬೆ’. ಸ್ವೀಡನ್ನಿನಲ್ಲಿ 1818 ರಿಂದ 1844 ರವರೆಗೆ ಆಳಿದ ಕಾರ್ಲ್ ಯೂಹಾನ್ ದೊರೆಯ ಹೆಸರೇ ಅದಕ್ಕೆ ಬಂದಿದೆ. ಥಾಯ್ಲೆಂಡಿನವರು ‘ಆಮೆಯ ಯಕೃತ್ತು’ ಎಂಬರ್ಥದ ಹೆಸರುಳ್ಳ ಬೇರೊಂದು ಕಪ್ಪು ಜಾತಿಯನ್ನು ಮೆಚ್ಚುವರು. ಇದು ಮರದ ಆಶ್ರಯವಿಲ್ಲದೆಯೂ ಬೆಳೆಯಬಲ್ಲುದಾದ ಕಾರಣ, ಅಲ್ಲಿ ಇದನ್ನು ಕೃಷಿಮಾಡುವುದೂ ಉಂಟು.

ಚೀನದ ಯುನ್ನಾನ್ ಪ್ರಾಂತದಲ್ಲಿ, ಕೈ ಸೋಕಿದೊಡನೆ ನೀಲಿಯಾಗುವ ಜಾತಿಯೊಂದು ಉತ್ತಮ ಭಕ್ಷ್ಯವೆನಿಸಿದೆ. ಆದರೆ ಅರೆಬೆಂದುದನ್ನು ತಿಂದವರಿಗೆ ಅಂಗುಲದಷ್ಟು ಗಾತ್ರದ ಮನುಷ್ಯರು ಓಡಾಡುವಂತೆ ಭ್ರಮೆಯುಂಟಾಗಿ, ಆಸ್ಪತ್ರೆಯನ್ನು ಸೇರಬೇಕಾಗುವುದು. ಯೂರೋಪಿನ ‘ಸೈತಾನನ ಬೊಲೀಟ್’ ಸಹ ಕೊಯ್ದಾಗ ನೀಲಿಯಾಗುವುದು. ಅದನ್ನು ತಿಂದರೆ ಉಗ್ರವಾದ ವಾಂತಿಯು ನಿಶ್ಚಯ. ಆದಕಾರಣ ಬಣ್ಣವಾಗಲಿ, ಹುಳು ತಿಂದ ಗುರುತಾಗಲಿ, ಬೆಳ್ಳಿಯ ನಾಣ್ಯದ ಪರೀಕ್ಷೆಯಾಗಲಿ ನಂಬತಕ್ಕದ್ದಲ್ಲ. ಒಂದು ಸೀಮೆಯ ಅನುಭವವು ಮತ್ತೊಂದು ಸೀಮೆಗೆ ಪ್ರಮಾಣವಾಗದು.

ಇಟಲಿಯಲ್ಲಿ 1993 ನೆಯ ಇಸವಿಯ ಕಾನೂನಿನಂತೆ ಒಬ್ಬನು ದಿನಕ್ಕೆ 3 ಕಿಲೋಗ್ರಾಮಿಗಿಂತ ಹೆಚ್ಚಾಗಿ ಅಣಬೆ ಆಯುವಂತಿಲ್ಲ. ನೆಲವನ್ನು ಕೆದಕುವ ಹಲುಬೆಯನ್ನು ಉಪಯೋಗಿಸುವಂತಿಲ್ಲ. ಅಣಬೆಗಳನ್ನು ಗುರುತಿಸಿ ಹೇಳಬಲ್ಲ ಪರೀಕ್ಷಕರನ್ನೂ ಆರೋಗ್ಯ ಕಛೇರಿಗಳಲ್ಲಿ ಏರ್ಪಡಿಸಲಾಗಿದೆ.

ಗ್ರಾಮದ ಮುಖಂಡರೂ ಭೂಮಾಲೀಕರೂ ಇದರಿಂದ ಗ್ರಹಿಸಬೇಕಾದುದು ಇಷ್ಟು: ತೋಪು ಕಾಡುಗಳಲ್ಲಿ ಮರವನ್ನೂ ತರಗೆಲೆಯ ಹೊದಿಕೆಯನ್ನೂ ಕಾಪಾಡುವುದು, ಊರಿನ ಅನುಭವಸ್ಥರು ತಲೆಮಾರಿನಿಂದ ತಿಂದು ಬಲ್ಲ ಜಾತಿಯನ್ನು ಮಾತ್ರವೇ, ಅದನ್ನೂ ಅವರೇ ನೋಡಿ ಗುರುತಿಸಿದ ಮೇಲೆ, ಚೆನ್ನಾಗಿ ಬೇಯಿಸಿ ಉಣ್ಣುವಂತೆ ಜನರಿಗೆ ತಿಳಿಯಹೇಳುವುದು. ತಿಂದವರಿಗೆ ವಾಂತಿ ಭೇದಿಗಳಾಗಲಿ ಭ್ರಮೆಯಾಗಲಿ ಕಂಡುಬಂದರೆ, ನಾಟಿ ಔಷಧದಲ್ಲಿ ಕಾಲಹರಣ ಮಾಡದೆ, ಉಳಿದ ಅಣಬೆಯ ಸಮೇತ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸೇರಿಸತಕ್ಕದ್ದು.